ಚಳಿಗಾಲದ ರಜೆಯಲ್ಲಿ ಒಂದು ದಿನದ ಬೆಂಗಳೂರು: ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರಿಗೂ ಒಗ್ಗುವ ದಾರಿ

ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ ಬಂದರೆ ಮೈಸೂರು, ಮಂಡ್ಯ, ತುಮಕೂರು, ಹಾಸನದ ಕಡೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರು ನೋಡಿಕೊಂಡು ರಾತ್ರಿ ಊರು ಸೇರುವ ಕುಟುಂಬಗಳು ಬಹಳ. ಹೆಚ್ಚಿನವರು ಕೈಯಲ್ಲಿ ಉದ್ದದ ಪಟ್ಟಿ ಹಿಡಿದು ಬರುತ್ತಾರೆ: ಬನ್ನೇರುಘಟ್ಟ, ಇಸ್ಕಾನ್, ಅರಮನೆ, ವಿಧಾನಸೌಧ, ಯಾವುದಾದರೊಂದು ಮಾಲ್. ಊರಿನ ನಾಲ್ಕು ದಿಕ್ಕಿಗೆ ಚದುರಿರುವ ಈ ಜಾಗಗಳನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟರೆ ನೋಡುವುದು ಹೆಚ್ಚಾಗಿ ಮುಂದಿನ ಕಾರಿನ ಬೆನ್ನನ್ನೇ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ರಚ್ಚೆ ಹಿಡಿಯುತ್ತವೆ, ಹಿರಿಯರ ಮೊಣಕಾಲು ಸೋಲುತ್ತದೆ, ಊಟ ಸಿಕ್ಕಲ್ಲಿ ಸಿಕ್ಕಂತೆ ಆಗುತ್ತದೆ.

ನನ್ನ ಸಲಹೆ ಇಷ್ಟೇ. ಒಂದು ದಿನಕ್ಕೆ ಬೆಂಗಳೂರಿನ ಒಂದು ಭಾಗವನ್ನು ಆರಿಸಿಕೊಳ್ಳಿ. ನೋಡುವ ಜಾಗಕ್ಕೂ ತಿನ್ನುವ ಜಾಗಕ್ಕೂ ನಡುವೆ ನಡಿಗೆಯ ದೂರವೋ ಒಂದು ಸಣ್ಣ ಆಟೋ ಪ್ರಯಾಣವೋ ಇರಲಿ. ಹಾಗೆ ನೋಡಿದರೆ ಲಾಲ್‌ಬಾಗ್, ಬಸವನಗುಡಿ, ಗಾಂಧಿ ಬಜಾರ್, ವಿಶ್ವೇಶ್ವರಪುರ ಸೇರಿದ ಹಳೆಯ ದಕ್ಷಿಣ ಬೆಂಗಳೂರಿಗಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಚಳಿಗಾಲದಲ್ಲಂತೂ ಅವರೆಕಾಯಿಯ ಕಾರಣಕ್ಕೆ ಈ ಭಾಗಕ್ಕೆ ಬೇರೆಯದೇ ಕಳೆ ಬಂದಿರುತ್ತದೆ.

ಹೊರಡುವ ಮೊದಲು: ವಾರ ಯಾವುದು ನೋಡಿ

ಇದು ಸಣ್ಣ ವಿಷಯದಂತೆ ಕಂಡರೂ ದಿನದ ಯೋಜನೆಯೆಲ್ಲ ಇದರ ಮೇಲೆಯೇ ನಿಂತಿದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿಗೆ ಸೋಮವಾರ ರಜೆ. ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ತೆರೆಯುವುದಿಲ್ಲ. ನೆಹರೂ ತಾರಾಲಯಕ್ಕೆ ಸೋಮವಾರ ಬಿಡುವು. ಇಷ್ಟೂ ತೆರೆದಿರಬೇಕೆಂದರೆ ಮಂಗಳವಾರ, ಬುಧವಾರ, ಗುರುವಾರ ಅಥವಾ ಶನಿವಾರ ಬರಬೇಕು. ಶನಿವಾರ ಹೋಟೆಲುಗಳ ಮುಂದೆ ಕಾಯುವುದು ತಪ್ಪುವುದಿಲ್ಲ, ಆದ್ದರಿಂದ ಸಾಧ್ಯವಿದ್ದವರು ವಾರದ ನಡುವಿನ ದಿನವನ್ನೇ ಇಟ್ಟುಕೊಳ್ಳಿ. ಭಾನುವಾರವೇ ಬರಬೇಕಾದವರಿಗೆ ಎರಡು ಲಾಭಗಳಿವೆ: ಕಬ್ಬನ್ ಪಾರ್ಕಿನೊಳಗೆ ಅಂದು ವಾಹನಗಳಿಗೆ ಪ್ರವೇಶವಿರುವುದಿಲ್ಲ, ಸಂಜೆ ವಿಧಾನಸೌಧಕ್ಕೆ ದೀಪಾಲಂಕಾರ ಇರುತ್ತದೆ. ಆದರೆ ಭಾನುವಾರ ಮೆಟ್ರೋ ಓಡಾಟ ಬೆಳಗ್ಗೆ 7ಕ್ಕೆ ಶುರುವಾಗುತ್ತದೆ ಎಂಬುದು ನೆನಪಿರಲಿ. ಕ್ರಿಸ್‌ಮಸ್ ದಿನವೇ ಬರುವವರು ವಸ್ತುಸಂಗ್ರಹಾಲಯ, ತಾರಾಲಯಗಳ ಜಾಲತಾಣವನ್ನು ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಹೆಂಗಸರೆಲ್ಲ ಆಧಾರ್ ಅಥವಾ ರಾಜ್ಯದ ವಿಳಾಸವಿರುವ ಬೇರೆ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಶಕ್ತಿ ಯೋಜನೆಯಡಿ ಊರಿನಿಂದ ಬರುವ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲೂ ನಗರದೊಳಗಿನ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲೂ ಟಿಕೆಟ್ ದುಡ್ಡು ಉಳಿಯುತ್ತದೆ. ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಬಟ್ಟೆಯ ವಿಚಾರ. ಡಿಸೆಂಬರಿನ ಬೆಳಗಿನಲ್ಲಿ ಇಲ್ಲಿ ಉಷ್ಣಾಂಶ 15–16 ಡಿಗ್ರಿಗೆ ಇಳಿದಿರುತ್ತದೆ, ಕೆಲವು ದಿನ ಇನ್ನೂ ಕಡಿಮೆ. ಹತ್ತು ಗಂಟೆಯಾದರೆ ಬಿಸಿಲು ಚುರುಗುಟ್ಟುತ್ತದೆ. ಮಗುವಿಗೆ ದಪ್ಪನೆಯ ಒಂದೇ ಸ್ವೆಟರ್ ಹಾಕಿದರೆ ಆಮೇಲೆ ಅದನ್ನು ಹೊರುವವರು ನೀವೇ. ಅರ್ಧ ತೋಳಿನ ತೆಳು ಸ್ವೆಟರ್, ಅದರ ಮೇಲೊಂದು ಹಗುರವಾದ ಜರ್ಕಿನ್, ಕಿವಿ ಮುಚ್ಚಲು ಟೊಪ್ಪಿ ಇದ್ದರೆ ಒಂದೊಂದಾಗಿ ಕಳಚಿ ಚೀಲಕ್ಕೆ ಹಾಕಬಹುದು. ಮಡಚಿಡಬಹುದಾದ ದೊಡ್ಡ ಬಟ್ಟೆಯ ಚೀಲ ಒಂದು ಖಂಡಿತ ಇರಲಿ, ಸಂಜೆಗೆ ಬೇಕಾಗುತ್ತದೆ.

ಇಳಿದ ಮೇಲೆ

ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೋ ಮೂರೂ ಅಕ್ಕಪಕ್ಕದಲ್ಲೇ ಇವೆ. ಹೊರಗೆ ಬಂದ ಕೂಡಲೇ ಸುತ್ತುವರಿಯುವ ಆಟೋಗಳ ಮಾತಿಗೆ ಕಿವಿಗೊಡದೆ ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣಕ್ಕೆ ನಡೆಯಿರಿ. ಹಸಿರು ಮಾರ್ಗದಲ್ಲಿ ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ರೈಲು ಹತ್ತಿದರೆ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು ದಾಟಿ ನಾಲ್ಕನೆಯದೇ ಲಾಲ್‌ಬಾಗ್. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ. ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಬಹುದು. ಸರತಿಯಲ್ಲಿ ನಿಲ್ಲುವ ಕಷ್ಟ ಅಷ್ಟರಮಟ್ಟಿಗೆ ತಪ್ಪುತ್ತದೆ.

ಆಟೋ ಬೇಕಾದಲ್ಲಿ ಮೀಟರ್ ಹಾಕಿಸಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ದರ ನಿಗದಿಯಾಗಿದೆ. ಒಂದು ಆಟೋಗೆ ಮೂವರು ಎಂಬ ಲೆಕ್ಕದಲ್ಲೇ ಖರ್ಚು ಅಂದಾಜು ಮಾಡಿ.

ಬೆಳಗ್ಗೆ: ಲಾಲ್‌ಬಾಗ್

ಖಾಲಿ ಹೊಟ್ಟೆಯಲ್ಲಿ ತೋಟ ಸುತ್ತಿಸಬೇಡಿ. ಮನೆಯಿಂದ ತಂದ ಬಾಳೆಹಣ್ಣು, ಎರಡು ಬಿಸ್ಕತ್ತು, ಫ್ಲಾಸ್ಕಿನಲ್ಲಿ ಹಾಲು ಮಕ್ಕಳಿಗೆ ಮೊದಲೇ ಸೇರಲಿ. ತಿಂಡಿ ಆಮೇಲೆ ನಿಧಾನವಾಗಿ ಆಗಲಿ.

1760ರಲ್ಲಿ ಹೈದರಾಲಿ ಶುರುಮಾಡಿ ಟಿಪ್ಪು ಬೆಳೆಸಿದ ಈ ತೋಟ ಇಂದು 240 ಎಕರೆ ಇದೆ. ಎಲ್ಲವನ್ನೂ ಸುತ್ತುವ ಹಟ ಬೇಡ. ಮೆಟ್ರೋ ನಿಲ್ದಾಣದ ಹತ್ತಿರದ ಪಶ್ಚಿಮ ದ್ವಾರದಿಂದ ಒಳಹೊಕ್ಕು ಬಂಡೆಯ ಪಕ್ಕದ ಮುಖ್ಯ ದ್ವಾರದಲ್ಲಿ ಹೊರಬರುವಂತೆ ದಾರಿ ಹಿಡಿದರೆ ನಡೆದ ಹಾದಿಯನ್ನೇ ಮತ್ತೆ ನಡೆಯಬೇಕಾಗುವುದಿಲ್ಲ, ತಿಂಡಿಯೂ ಅಲ್ಲೇ ಕಾದಿರುತ್ತದೆ. ನಡೆಯಲಾರದ ಹಿರಿಯರಿಗೆ ಒಳಗೆ ಬ್ಯಾಟರಿ ಗಾಡಿಗಳಿವೆ. ಶೌಚಾಲಯಕ್ಕೆ ಇಲ್ಲೇ ಹೋಗಿಬಂದುಬಿಡಿ, ಮುಂದಿನ ದಾರಿಯಲ್ಲಿ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಮೊದಲು ಗಾಜಿನ ಮನೆ. 1889ರಲ್ಲಿ ಅಡಿಗಲ್ಲು ಹಾಕಿದ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ಮಾದರಿಯಾಗಿಟ್ಟುಕೊಂಡ ಕಟ್ಟಡ. ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿ 26ರ ಆಸುಪಾಸಿನಲ್ಲಿ, ಆದ್ದರಿಂದ ಡಿಸೆಂಬರಿನಲ್ಲಿ ನೂಕುನುಗ್ಗಲು ಇಲ್ಲದೆ ನೋಡಬಹುದು. ಮುಂದೆ ಕೆರೆಯ ಕಡೆ ನಡೆದರೆ ಒಂದು ಬೃಹತ್ ಬಿಳಿ ಬೂರುಗದ ಮರ ಸಿಗುತ್ತದೆ. ಇನ್ನೂರು ವರ್ಷ ದಾಟಿದ ಈ ಮರದ ಬುಡ ಗೋಡೆಗಳಂತೆ ಎದ್ದು ಹರಡಿಕೊಂಡಿದೆ. ಒಂದು ಬೇರು-ಗೋಡೆಯ ಹಿಂದೆ ನಿಂತ ಮಗು ಈ ಕಡೆಯಿಂದ ಕಾಣುವುದೇ ಇಲ್ಲ. ಪಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿಲ್ಲ. ಸುಮಾರು 2 ಕೋಟಿ ವರ್ಷ ಹಳೆಯದೆನ್ನುವ, ಕಲ್ಲಾಗಿ ಹೋದ ಮರದ ಕಾಂಡವೂ ಇಲ್ಲಿದೆ. ಶಾಲೆಯಲ್ಲಿ ಪಳೆಯುಳಿಕೆಯ ಪಾಠ ಓದಿರುವ ಮಕ್ಕಳಿಗೆ ತಪ್ಪದೆ ತೋರಿಸಿ.

ಕೊನೆಗೆ ಬಂಡೆ. ಸುಮಾರು 300 ಕೋಟಿ ವರ್ಷದಷ್ಟು ಹಳೆಯ ಈ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಮೇಲೆ ಕೆಂಪೇಗೌಡರ ಗಡಿ ಗೋಪುರ. ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರಗಳಿವೆ, ಊರು ಇಲ್ಲಿಯವರೆಗೆ ಬೆಳೆಯಲಿ ಎಂದು ಅವು ನಿಂತವು ಎನ್ನುತ್ತಾರೆ. ಅಲ್ಲಿ ನಿಂತು ಸುತ್ತ ನೋಡಿದರೆ ಊರು ಆ ಗಡಿಯನ್ನು ಎಷ್ಟು ದೂರ ದಾಟಿದೆ ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಬಂಡೆಯ ಇಳಿಜಾರು ಜಾರಬಹುದು, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ತಿಂಡಿ: ಇದಕ್ಕೆ ಸಮಯ ಕೊಡಿ

ಹಿರಿಯರೂ ಮಕ್ಕಳೂ ಇರುವ ಕುಟುಂಬಕ್ಕೆ ನಾನು ಹೇಳುವುದು ಎಂಟಿಆರ್. ಮುಖ್ಯ ದ್ವಾರದಿಂದ ನಡೆದೇ ಹೋಗಬಹುದು, ಎಲ್ಲರೂ ಒಟ್ಟಿಗೆ ಕುಳಿತು ತಿನ್ನಬಹುದು. 1924ರಲ್ಲಿ ಶುರುವಾದ ಈ ಹೋಟೆಲಿನಲ್ಲಿ ರವೆ ಇಡ್ಲಿಯನ್ನೇ ಮೊದಲು ಕೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಇವರೇ ಹುಡುಕಿಕೊಂಡ ತಿಂಡಿ ಇದು. ಗೋಡಂಬಿ ಕಾಣುವ ಇಡ್ಲಿಯ ಜೊತೆಗೆ ಸಾಗು, ಪುಟ್ಟ ಬಟ್ಟಲಿನಲ್ಲಿ ಕರಗಿದ ತುಪ್ಪ ಬರುತ್ತದೆ. ತುಪ್ಪವನ್ನು ಇಡ್ಲಿಯ ಮೇಲೆ ಪೂರ್ತಿ ಸುರಿದು ಒಂದು ಕ್ಷಣ ಬಿಡಿ, ಅದು ಒಳಗೆ ಇಳಿಯಲಿ. ಹತ್ತು ಗಂಟೆಯ ಹೊತ್ತಿಗೆ ಕಾಯುವವರ ಸಾಲು ಬೆಳೆದಿರುತ್ತದೆ. ಮನೆಯವರೊಬ್ಬರು ಬಂಡೆ ಹತ್ತುವುದನ್ನು ಬಿಟ್ಟು ಮೊದಲೇ ಹೋಗಿ ಹೆಸರು ಬರೆಸಿದರೆ ಉಳಿದವರಿಗೆ ಉಪಕಾರ.

ಸೋಮವಾರ ಬಂದವರು, ದೋಸೆಯೇ ಬೇಕೆನ್ನುವವರು ಆಟೋ ಹಿಡಿದು ನೇರವಾಗಿ ಗಾಂಧಿ ಬಜಾರಿಗೆ ಹೋಗಿ. ವಿದ್ಯಾರ್ಥಿ ಭವನ 1943ರದು. ಅಲ್ಲಿ ದೋಸೆಯಷ್ಟೇ ನೋಡಬೇಕಾದದ್ದು ಅದನ್ನು ತರುವ ರೀತಿ: ಪಂಚೆ ಉಟ್ಟ ಮಾಣಿ ಒಂದೇ ತೋಳಿನ ಮೇಲೆ ಅಂಗೈಯಿಂದ ಭುಜದವರೆಗೆ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು, ಮೇಜುಗಳ ಇಕ್ಕಟ್ಟಿನಲ್ಲಿ ಒಂದೂ ಅಲುಗದಂತೆ ಬಂದು, ಇನ್ನೊಂದು ಕೈಯಿಂದ ಸರಸರನೆ ಹಂಚುತ್ತಾ ಹೋಗುತ್ತಾನೆ. ಹಿಂದೆಯೇ ಚಟ್ನಿಯ ಪಾತ್ರೆ ಬರುತ್ತದೆ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಇಲ್ಲಿ ಸಾಂಬಾರು ಕೇಳಬೇಡಿ, ಈ ದೋಸೆಗೆ ತೆಳು ಚಟ್ನಿಯೇ ಜೋಡಿ.

ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ, ವಡೆ, ಖಾರಾಬಾತ್ ನನಗೆ ಬಹಳ ಇಷ್ಟ. ಆದರೆ ಅಲ್ಲಿ ನಿಂತು ತಿನ್ನಬೇಕು. ಇಬ್ಬರೇ ಬಂದಾಗ ಹೋಗಿ, ಅಜ್ಜಿಯನ್ನು ಕರೆತಂದ ದಿನ ಬೇಡ.

ಹನ್ನೊಂದರೊಳಗೆ ದೊಡ್ಡ ಬಸವಣ್ಣ

ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ತಿಂಡಿಯಾದ ಮೇಲೆ ತಡಮಾಡದೆ ಆಟೋದಲ್ಲಿ ಬಸವನಗುಡಿಗೆ ಹೊರಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಗುಡಿ, ಒಂದೇ ಕಲ್ಲಿನಲ್ಲಿ ಕಡೆದ ಬಸವ. ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. ಎಣ್ಣೆ ಕುಡಿದು ಕುಡಿದು ಕರ್ರಗೆ ಮಿರುಗುವ ಮೈಯ ಸುತ್ತ ಪ್ರದಕ್ಷಿಣೆ ಬಂದರೆ ಬಾಲದ ಕಡೆಯ ಕೆತ್ತನೆಯೂ ಕಾಣುತ್ತದೆ. ವೃಷಭಾವತಿ ನದಿ ಈ ಬಸವನ ಪಾದದಡಿಯಲ್ಲಿ ಹುಟ್ಟುತ್ತಾಳೆಂಬ ನಂಬಿಕೆ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಸಾಮಾನ್ಯವಾಗಿ ನವೆಂಬರ್‌ನಲ್ಲೋ ಡಿಸೆಂಬರ್ ಮೊದಲಲ್ಲೋ ಬರುವ ಆ ದಿನಗಳಲ್ಲಿ ರಸ್ತೆಯ ತುಂಬ ಕಡಲೆಕಾಯಿ ರಾಶಿ ಬಿದ್ದಿರುತ್ತದೆ. ಜನಸಂದಣಿಯೂ ಅಷ್ಟೇ, ಪುಟ್ಟ ಮಕ್ಕಳಿರುವವರು ಆ ದಿನ ಬಿಟ್ಟು ಬೇರೆ ದಿನ ಬನ್ನಿ. ಕೆಳಗೆ ದೊಡ್ಡ ಗಣಪತಿ, ಪಕ್ಕದಲ್ಲೇ ಕಹಳೆ ಬಂಡೆಯ ಉದ್ಯಾನ. ಮಕ್ಕಳು ಅರ್ಧ ಗಂಟೆ ಅಲ್ಲಿ ಓಡಿಯಾಡಲಿ, ಹಿರಿಯರು ನೆರಳಲ್ಲಿ ಕೂರಲಿ.

ಗಾಂಧಿ ಬಜಾರ್ ಮತ್ತು ಅವರೆಕಾಯಿ

ಬಜಾರಿಗೆ ಅಲ್ಲಿಂದ ನಡೆದು ಹೋಗಬಹುದು. ಹೂವು, ಹಣ್ಣು, ಗ್ರಂಥಿಗೆ ಸಾಮಾನಿನ ಅಂಗಡಿಗಳ ಈ ಬೀದಿಗೆ ಚಳಿಗಾಲ ಬಂದರೆ ಅವರೆಕಾಯಿಯ ವಾಸನೆ ಬರುತ್ತದೆ. ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಕೊಳ್ಳಿ. ಕನ್ನಡ ಪುಸ್ತಕ ಬೇಕಾದವರಿಗೆ ಅಂಕಿತ ಪುಸ್ತಕ ಇದೆ. ಮಕ್ಕಳಿಗೆ ತಲಾ ಒಂದೊಂದು ಪುಸ್ತಕ ಆರಿಸಿಕೊಳ್ಳಲು ಬಿಟ್ಟರೆ ವಾಪಸು ರೈಲಿನಲ್ಲಿ ಮೊಬೈಲಿಗೆ ಜಗಳವಿರುವುದಿಲ್ಲ.

ಅವರೆಕಾಯಿ ಕೊಳ್ಳುವಾಗ ಕಣ್ಣಿಗಿಂತ ಮೂಗನ್ನು ನಂಬಿ. ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಸೊಗಡಿನ ಕಾಯಿಯಾದರೆ ಬೆರಳಿಗೆ ಜಿಡ್ಡು ಅಂಟುತ್ತದೆ, ಗಮ ಬಹಳ ಹೊತ್ತು ಉಳಿಯುತ್ತದೆ. ಮಾಗಡಿ ಕಡೆಯ ಕಾಯಿಗೆ ಈ ಸೊಗಡಿನಿಂದಲೇ ಹೆಸರು. ಕಾಯಿಯೊಳಗೆ ಕಾಳು ಉಬ್ಬಿ ತುಂಬಿರಬೇಕು, ತೀರಾ ಚಪ್ಪಟೆಯಾಗಿದ್ದರೆ ಎಳಸು, ಸಿಪ್ಪೆ ಹಳದಿಗೆ ತಿರುಗಿದ್ದರೆ ಬಲಿತದ್ದು. ಬಿಡಿಸಿದ ಕಾಳನ್ನೂ, ಹಿತಕಿದ ಬೇಳೆಯನ್ನೂ ಅಳೆದು ಮಾರುತ್ತಾರೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಪಿಚಕ್ಕನೆ ಜಿಗಿದು ಬರುತ್ತದೆ. ಮನೆಯಲ್ಲಿ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಆಟವೇ ಆಗಿಬಿಡುತ್ತದೆ. ಆದರೆ ಇಡೀ ದಿನ ಹೊತ್ತು ತಿರುಗುವ ಭಾರ ಯಾಕೆ? ಈಗ ದರ ಕೇಳಿಟ್ಟುಕೊಳ್ಳಿ, ಕೊಳ್ಳುವುದು ಸಂಜೆ.

ಮಧ್ಯಾಹ್ನದ ಊಟ ಈ ಸುತ್ತಿನ ಯಾವುದಾದರೂ ದರ್ಶಿನಿಯಲ್ಲಿ ಹಗುರವಾಗಿ ಮುಗಿಯಲಿ: ಅನ್ನ-ಸಾರು, ಮೊಸರನ್ನ, ಮಜ್ಜಿಗೆ. ಸಂಜೆಗೆ ಹೊಟ್ಟೆ ಖಾಲಿ ಇರಬೇಕು. ಮಾಂಸಾಹಾರ ಬೇಕಾದವರಿಗೆ ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ಇದೆ. ಹಾಗಿದ್ದರೆ ಹನ್ನೆರಡೂವರೆಗೇ ಹೊರಡಿ, ತಡವಾದರೆ ಬಿರಿಯಾನಿ ಮುಗಿದುಹೋಗಿರುತ್ತದೆ.

ಮಧ್ಯಾಹ್ನ: ದಣಿವಿಗೆ ತಕ್ಕಂತೆ

ಇಲ್ಲಿ ಮನೆಯವರ ಮುಖ ನೋಡಿ ತೀರ್ಮಾನಿಸಿ. ಸುಸ್ತಾಗಿದ್ದರೆ ತಾರಾಲಯವೇ ಸರಿ. ಕನ್ನಡದಲ್ಲೂ ಪ್ರದರ್ಶನಗಳಿವೆ, ಸಮಯ ಮೊದಲೇ ನೋಡಿಕೊಂಡು ಹೋಗಿ. ತಣ್ಣನೆಯ ಕತ್ತಲಲ್ಲಿ ಒರಗಿ ಕೂತು ಮಕ್ಕಳು ನಕ್ಷತ್ರ ನೋಡುತ್ತಾರೆ, ಹಿರಿಯರಿಗೆ ಒಂದು ಸಣ್ಣ ನಿದ್ದೆಯೂ ಆಗುತ್ತದೆ.

ಚೈತನ್ಯ ಉಳಿದಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಮೂರನೆಯ ನಿಲ್ದಾಣ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಪಾರ್ಕಿನ ನೆರಳಲ್ಲೇ ನಡೆಯಬಹುದು. ಸಂಗ್ರಹಾಲಯದ ಹೊರಗೆ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಮಾರುತ್ ಯುದ್ಧವಿಮಾನವಿದೆ, ಒಳಗೆ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಯಂತ್ರಗಳು ಹಲವಾರು ಇರುವುದರಿಂದ ಮಕ್ಕಳನ್ನು ಹೊರಡಿಸುವುದೇ ಕಷ್ಟ. ಎಲ್ಲ ಮಹಡಿ ನೋಡುವ ಬದಲು ಎಂಜಿನ್ ವಿಭಾಗ ಮತ್ತು ಮೋಜಿನ ವಿಜ್ಞಾನದ ವಿಭಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ.

ಐದೂವರೆಗೆ ಹೊರಬಂದು ಹೈಕೋರ್ಟಿನ ಕೆಂಪು ಕಟ್ಟಡದ ಕಡೆ ನಡೆಯಿರಿ. ಎದುರಿಗೇ 1956ರಲ್ಲಿ ಪೂರ್ಣಗೊಂಡ ವಿಧಾನಸೌಧ. ಡಿಸೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಸಂಜೆಯ ಹೊಂಬಿಸಿಲಿನಲ್ಲಿ ಕಲ್ಲಿನ ಬಣ್ಣ ಬದಲಾಗುವುದನ್ನೂ ನೋಡಬಹುದು, ಭಾನುವಾರವಾದರೆ ದೀಪಗಳನ್ನೂ ನೋಡಬಹುದು.

ಸಂಜೆ: ತಿಂಡಿ ಬೀದಿ

ವಿಧಾನಸೌಧ ನಿಲ್ದಾಣದಿಂದ ಮೆಜೆಸ್ಟಿಕ್ ಮೂಲಕ ಮತ್ತೆ ನ್ಯಾಷನಲ್ ಕಾಲೇಜಿಗೆ ಬನ್ನಿ. ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿ ಅಲ್ಲಿಂದ ನಡೆಯುವಷ್ಟು ದೂರ. ಬೀದಿ ಚುರುಕಾಗುವುದು ಸಂಜೆಯೇ. ಪೂರ್ತಿ ಸಸ್ಯಾಹಾರ. ಮೊದಲ ಅಂಗಡಿಯಲ್ಲೇ ನಿಂತುಬಿಡಬೇಡಿ. ಏನನ್ನೂ ಕೊಳ್ಳದೆ ಕೊನೆಯವರೆಗೆ ಒಮ್ಮೆ ನಡೆದು, ಬರುವಾಗ ತಿನ್ನುತ್ತಾ ಬನ್ನಿ. ಒಂದು ತಟ್ಟೆ ಇಬ್ಬರು ಮೂವರಿಗೆ ಹಂಚಿದರೆ ಹೆಚ್ಚು ಬಗೆ ರುಚಿ ನೋಡಬಹುದು: ಹೆಂಚಿನಿಂದ ಆಗತಾನೆ ತೆಗೆದ ಒಬ್ಬಟ್ಟು, ಅಕ್ಕಿ ರೊಟ್ಟಿ, ಪಡ್ಡು, ಮೆಣಸಿನಕಾಯಿ ಬಜ್ಜಿ, ಬೆಣ್ಣೆ ಗುಲ್ಕನ್. ವೃತ್ತದ ಬಳಿಯ ವಿ.ಬಿ. ಬೇಕರಿಯಲ್ಲಿ ಖಾರದ ಕಡಲೆಬೀಜ ತುಂಬಿದ ಕಾಂಗ್ರೆಸ್ ಬನ್ ಮರೆಯಬೇಡಿ. ಮಕ್ಕಳಿಗೆ ಖಾರ ಮೊದಲು ಬೇಡ, ಪಡ್ಡು ಅಥವಾ ಒಬ್ಬಟ್ಟಿನಿಂದ ಶುರುವಾಗಲಿ. ಕುಡಿಯಲು ನಿಮ್ಮದೇ ನೀರಿನ ಬಾಟಲಿ ಇರಲಿ.

ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ಭಾಗದಲ್ಲಿ ಬಂದವರು ಅವರೆಬೇಳೆ ಮೇಳದ ದಿನಾಂಕ ವಿಚಾರಿಸಿ. ಮೊದಲು ಇದೇ ಬೀದಿಯಲ್ಲಿ ನಡೆಯುತ್ತಿದ್ದ ಮೇಳ ಈಚಿನ ವರ್ಷಗಳಲ್ಲಿ ಮೆಟ್ರೋ ನಿಲ್ದಾಣದ ಪಕ್ಕದ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಮೇಳವಿದ್ದರೆ ತಿಂಡಿ ಬೀದಿಯನ್ನು ಬೇರೊಂದು ಸಲಕ್ಕೆ ಬಿಡಿ. ಅವರೆಬೇಳೆ ದೋಸೆ, ಹಿತಕಿದ ಬೇಳೆ ಸಾರಿನ ಜೊತೆ ರಾಗಿಮುದ್ದೆ, ಅವರೆಕಾಳಿನ ಉಪ್ಪಿಟ್ಟು, ಹೋಳಿಗೆ, ಜಿಲೇಬಿಯವರೆಗೆ ಎಲ್ಲದಕ್ಕೂ ಅವರೆ. ಒಂದು ಸಿಹಿ, ಎರಡು ಖಾರ ಸಾಕು. ಅವರೆ ರುಚಿಯಾದರೂ ಅರಗಲು ಹೊತ್ತು ಬೇಕು, ಮುಂದೆ ರೈಲು ಪ್ರಯಾಣವಿದೆ. ಹಿರಿಯರಿಗೆ ಮಿತವಾಗಿ ಕೊಡಿ. ಕರಿದ ಅವರೆಬೇಳೆ ಮಿಕ್ಸ್ಚರ್ ಪೊಟ್ಟಣ ಕಟ್ಟಿಸಿಕೊಂಡರೆ ಊರಲ್ಲಿ ಹಂಚಬಹುದು.

ಹಸಿ ಅವರೆಕಾಯಿಯನ್ನು ಕೊಳ್ಳುವುದೂ ಈಗಲೇ. ಬಟ್ಟೆಯ ಚೀಲದಲ್ಲೇ ತುಂಬಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ. ಹಿತಕಿದ ಬೇಳೆಯಂತೂ ಇನ್ನೂ ಸೂಕ್ಷ್ಮ, ಮನೆ ತಲುಪಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್ ಮೂರೇ ನಿಲ್ದಾಣ. ಆದರೂ ರೈಲಿಗೆ ಒಂದು ಗಂಟೆ ಇರುವಾಗಲೇ ಹೊರಡಿ. ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪ್ಲಾಟ್‌ಫಾರಂ ಹುಡುಕಲು ಅಷ್ಟು ಹೊತ್ತು ಬೇಕೇ ಬೇಕು.